ತಾಯಿಯ ಕಡೆಯಿಂದ ಬರುವ ರಕ್ತಸ್ರಾವ

ಪರೇಲದ ಕೆ.ಇ.ಎಂ. ಆಸ್ಪತ್ರೆಯ ಮುಂದೆ ನಮ್ಮಲ್ಲಿ ಎಷ್ಟು ಮಂದಿ ಬಸ್ಸಿಗೆ ಕಾದು ನಿಂತಿಲ್ಲ! ರಕ್ತದ ಚರಿತ್ರೆಯ ಒಂದು ಪುಟ ಅಲ್ಲಿಯೇ ಬರೆಯಲ್ಪಟ್ಟಿತೆಂಬುದು ಮಾತ್ರ ಬಹುಮಂದಿಗೆ ತಿಳಿಯದು. 1952ರಲ್ಲಿ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನ ಡಾ. ವೈ. ಎಂ. ಭೇಂಡೆಯವರೂ ಅವರ ಸಂಗಡಿಗರೂ ಓ ಗುಂಪಿನ ರಕ್ತ ಕೂಡ ಒಗ್ಗದ ಕೆಲವರನ್ನು ಗುರುತಿಸಿದರು. ಅದೇ ‘ಬಾಂಬೆ ರಕ್ತಗುಂಪು’. 1957ರಲ್ಲಿ ಮುಂಬಯಿಯಲ್ಲಿ ರಕ್ತಗುಂಪುಗಳ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಕೆ.ಇ.ಎಂ. ಆವರಣದಲ್ಲಿ ಈಗಿರುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನೋಹೆಮಟಾಲಜಿ ಅದರಿಂದಲೇ ಬೆಳೆದದ್ದು. ರಕ್ತ ಹೆಪ್ಪುಗಟ್ಟದ ಕಾಯಿಲೆಗಳ ವಂಶವಾಹಿ ಪರೀಕ್ಷೆಯೂ ಅಲ್ಲಿ ನಡೆಯುತ್ತದೆ.

ಕಾಕತಾಳೀಯವೆಂಬಂತೆ, ಅದೇ 1952ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ವೈದ್ಯರು ಸ್ಟೀಫನ್ ಕ್ರಿಸ್‌ಮಸ್ ಎಂಬ ಐದು ವರ್ಷದ ಬಾಲಕನ ಕಾಯಿಲೆಯನ್ನು ವರ್ಣಿಸಿದರು. ಹಿಮೊಫಿಲಿಯಾ ಒಂದೇ ರೋಗವಲ್ಲ, ಎರಡು ಎಂದು ಆಗ ಸ್ಪಷ್ಟವಾಯಿತು: ಎಂಟನೆಯ ಅಂಶದ ಕೊರತೆ ‘ಎ’, ಒಂಬತ್ತನೆಯದರ ಕೊರತೆ ‘ಬಿ’. ರಷ್ಯದ ರಾಜಕುಮಾರ ಅಲೆಕ್ಸಿಗೆ ಇದ್ದದ್ದು ‘ಬಿ’ ಎಂದು 2009ರಲ್ಲಿ ಅಸ್ಥಿಪರೀಕ್ಷೆಯಿಂದ ಸಿದ್ಧವಾಯಿತು. ವಿಕ್ಟೋರಿಯಾ ರಾಣಿಯ ವಂಶದಿಂದಾಗಿ ಇದಕ್ಕೆ ‘ರಾಜರೋಗ’ ಎಂಬ ಹೆಸರು ಬಂತು. ಚಾಳಿನ ಖೋಲಿಗೂ ಇದು ಅಷ್ಟೇ ಸಲೀಸಾಗಿ ಬರುತ್ತದೆ.

ನಮ್ಮ ಕಟ್ಟಡದಲ್ಲಿ ಒಬ್ಬ ಹುಡುಗನಿದ್ದ. ಆಡಿ ಬಂದರೆ ಮೊಣಕಾಲು ಬಾತು ಕುಂಬಳಕಾಯಿಯಾಗುತ್ತಿತ್ತು. ಅವನ ಅಜ್ಜಿ ಸೊಸೆಯನ್ನೇ ಹಳಿಯುತ್ತಿದ್ದರು. ಬಿ.ಎಸ್ಸಿ. ಮಾಡಿದ್ದ ನಾವು ಕಾಗದದ ಮೇಲೆ ಗೆರೆ ಎಳೆದು ವಿವರಿಸಲು ಹೋದೆವು. ಕಾಯಿಲೆಯ ಗುಣಾಣು ‘ಎಕ್ಸ್’ ವರ್ಣತಂತುವಿನಲ್ಲಿದೆ. ತಾಯಿಗೆ ಅಂಥ ತಂತು ಎರಡು; ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಕಾಪಾಡುತ್ತದೆ. ಮಗನಿಗಿರುವುದು ಒಂದೇ. ವಾಹಕಳಾದ ತಾಯಿಯ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಂಭವ ಅರ್ಧಕ್ಕರ್ಧ. ರೋಗಿಯಾದ ತಂದೆಯಿಂದ ಗಂಡುಮಕ್ಕಳಿಗೆ ಬಾರದು, ಹೆಣ್ಣುಮಕ್ಕಳೆಲ್ಲ ವಾಹಕರಾಗುತ್ತಾರೆ. ಅಜ್ಜಿ “ನೋಡಿ, ಕಡೆಗೂ ಇವಳದೇ ಆಯಿತಲ್ಲ!” ಎಂದುಬಿಟ್ಟರು. ಸುಮಾರು ಮೂರರಲ್ಲೊಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗವಿರುವುದಿಲ್ಲ, ಗುಣಾಣು ಹೊಸದಾಗಿ ಕೆಟ್ಟಿರಬಹುದು ಎಂಬ ಮಾತನ್ನು ನಾವು ಮೊದಲೇ ಹೇಳಬೇಕಾಗಿತ್ತು.

ಇನ್ನು ನಮ್ಮವರ ಸೋದರಮಾವನ ಮದುವೆಯ ವಿಷಯ. ಮಾವ ಆರೋಗ್ಯವಂತನಾಗಿದ್ದರೆ ಅವನಲ್ಲಿ ಹಿಮೊಫಿಲಿಯಾದ ಗುಣಾಣು ಇಲ್ಲವೆಂದೇ ಅರ್ಥ. ಆದ್ದರಿಂದ ಈ ಸಂಬಂಧದಿಂದ ಆ ರೋಗದ ಭಯ ಹೆಚ್ಚುವುದಿಲ್ಲ. ಮಾವನೇ ರೋಗಿಯಾಗಿದ್ದು ಅಕ್ಕನ ಮಗಳು ವಾಹಕಳಾಗಿದ್ದರೆ ಮಾತು ಬೇರೆ. ಆಗ ಹೆಣ್ಣುಮಗುವಿಗೂ ಕಾಯಿಲೆ ಬರಬಹುದು. ಆದರೆ ಹದಿಮೂರನೆಯ ಅಂಶದ ಕೊರತೆಯ ದಾರಿಯೇ ಬೇರೆ. ಬಾಂಬೆ ರಕ್ತಗುಂಪಿನಂತೆ ಅದಕ್ಕೆ ತಂದೆ ತಾಯಿ ಇಬ್ಬರ ಪಾಲೂ ಬೇಕು. ಇಬ್ಬರೂ ಮೇಲ್ನೋಟಕ್ಕೆ ಆರೋಗ್ಯವಂತರೇ. ಮಗುವಿನ ಹೊಕ್ಕುಳಿಂದ ರಕ್ತ ಒಸರುವುದೇ ಹಲವೊಮ್ಮೆ ಮೊದಲ ಗುರುತು. ಹತ್ತಿರದ ಸಂಬಂಧದ ಮದುವೆಗಳಲ್ಲಿ ಹೆಚ್ಚುವುದು ಇಂಥವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಮನೆಗಳಲ್ಲಿ ಇಷ್ಟು ಗೊಂದಲ.

ನಮ್ಮ ನಾಡಿನಲ್ಲಿ ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರು ತಾವೇ ಹಿಮೊಫಿಲಿಯಾ ಪೀಡಿತರಾಗಿದ್ದು ವೈದ್ಯರಾದರು, ಇತರ ರೋಗಿಗಳಿಗಾಗಿ ಸಂಘ ಕಟ್ಟಿ ದುಡಿದರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹಿಮೊಫಿಲಿಯಾ ಸೇರಿದೆ. ಇಂಥ ಮಕ್ಕಳಿಗೆ ನೋವೆಂದು ಆಸ್ಪಿರಿನ್ ಮಾತ್ರ ಕೊಡಲೇಬಾರದು. ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ನಮ್ಮ ಕಟ್ಟಡದ ಆ ಸೊಸೆಯ ತಂಗಿ ಮದುವೆಗೆ ಮುಂಚೆ ತಾನಾಗಿಯೇ ಪರೇಲಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡಳು.