ಟಿವಿಯ ಗಿರವಿ ಅಂಗಡಿ ನಿಜವೇ? ಅಜ್ಜಿಯ ಹಳೆ ಸಾಮಾನಿಗೆ ಲಕ್ಷ ರೂಪಾಯಿ ಸಿಗುತ್ತದೆಯೇ?

ಈ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅಮೆರಿಕದ ಒಂದು ಗಿರವಿ ಅಂಗಡಿಗೆ ಒಬ್ಬಾತ ತುಕ್ಕು ಹಿಡಿದ ಕತ್ತಿ ತರುತ್ತಾನೆ. ಅಂಗಡಿಯವರು ತಜ್ಞರನ್ನು ಕರೆಸುತ್ತಾರೆ. ಐದೇ ನಿಮಿಷದಲ್ಲಿ ಬೆಲೆ ನಿಗದಿಯಾಗಿ, ಚೌಕಾಸಿ ಮುಗಿದು, ಆತ ನೋಟು ಎಣಿಸುತ್ತ ಹೊರಡುತ್ತಾನೆ. ಅದರ ಬೆನ್ನಿಗೇ ವಾಟ್ಸಾಪ್‌ನಲ್ಲಿ ಇನ್ನೊಂದು ಫಾರ್ವರ್ಡ್: "ನಿಮ್ಮ ಬಳಿ ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟು ಇದೆಯೇ? ಲಕ್ಷಾಧಿಪತಿಯಾಗಿ!"

ಇದರಲ್ಲಿ ನಿಜ ಎಷ್ಟು? ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ಊರುಗಳ ಗಿರವಿ ಅಂಗಡಿಯಲ್ಲಿ ನಡೆಯುವುದೇನು? ನೋಡೋಣ.

ಟಿವಿ ಶೋನಲ್ಲಿ ನಿಜ ಎಷ್ಟು?

ಇಂಥ ಶೋಗಳಲ್ಲಿ ಹೆಚ್ಚು ಹೆಸರಾದದ್ದು 'ಪಾನ್ ಸ್ಟಾರ್ಸ್'. ಅಮೆರಿಕದ ಹಿಸ್ಟರಿ ಚಾನೆಲ್‌ನಲ್ಲಿ 2009ರಲ್ಲಿ ಶುರುವಾಯಿತು. ಅದರಲ್ಲಿ ಕಾಣುವ ಲಾಸ್ ವೇಗಸ್‌ನ ಅಂಗಡಿ ನಿಜವಾದದ್ದೇ, ಅದನ್ನು ನಡೆಸುವ ಕುಟುಂಬವೂ ನಿಜ. ಆದರೆ ಕ್ಯಾಮೆರಾ ಮುಂದೆ ಬರುವ ಗಿರಾಕಿಗಳನ್ನೂ ಅವರ ವಸ್ತುಗಳನ್ನೂ ಮೊದಲೇ ಆಯ್ಕೆ ಮಾಡಲಾಗುತ್ತದೆ. ದಿನಗಟ್ಟಲೆ ನಡೆಯುವ ಪರಿಶೀಲನೆ ಟಿವಿಯಲ್ಲಿ ಕೆಲವೇ ನಿಮಿಷಕ್ಕೆ ಇಳಿಯುತ್ತದೆ.

ಇನ್ನೂ ದೊಡ್ಡ ಸಂಗತಿ ಟಿವಿಯಲ್ಲಿ ಕಾಣುವುದೇ ಇಲ್ಲ. ಗಿರವಿ ಅಂಗಡಿಯ ಮುಖ್ಯ ಕೆಲಸ ವಸ್ತು ಕೊಳ್ಳುವುದಲ್ಲ, ವಸ್ತು ಒತ್ತೆ ಇಟ್ಟುಕೊಂಡು ಸಾಲ ಕೊಡುವುದು. ಅಮೆರಿಕದಲ್ಲೂ ಹಾಗೆಯೇ, ನಮ್ಮಲ್ಲೂ ಹಾಗೆಯೇ. ಸಾಲ ತೀರಿಸಿ ವಸ್ತು ಬಿಡಿಸಿಕೊಂಡು ಹೋಗುವ ಗಿರಾಕಿಯಲ್ಲಿ ರೋಚಕತೆ ಇಲ್ಲ. ಅದಕ್ಕೇ ಶೋನಲ್ಲಿ ಮಾರಾಟವೇ ತುಂಬಿರುತ್ತದೆ.

ಮೋಸವೂ ನಡೆದಿದೆ. 'ಆಂಟಿಕ್ಸ್ ರೋಡ್‌ಶೋ'ದ ಅಮೆರಿಕ ಆವೃತ್ತಿಯಲ್ಲಿ ಒಬ್ಬಾತ ಹಳೆ ಕತ್ತಿ ತಂದು, ಚಿಕ್ಕಂದಿನಲ್ಲಿ ಅದರಿಂದ ಕಲ್ಲಂಗಡಿ ಕೊಯ್ಯುತ್ತಿದ್ದೆ ಎಂದಿದ್ದ. ತಜ್ಞರು ಅದಕ್ಕೆ ಸಾವಿರಾರು ಡಾಲರ್ ಬೆಲೆ ಕಟ್ಟಿದರು. ಇಡೀ ಕಥೆ ಮೊದಲೇ ಹೇಳಿಕೊಟ್ಟದ್ದು ಎಂಬುದು ಆಮೇಲೆ ಬಯಲಾಯಿತು. ಶೋನಿಂದ ಸಿಕ್ಕ ಹೆಸರನ್ನು ಬಳಸಿಕೊಂಡು ಜನರ ಹಳೆ ವಸ್ತುಗಳನ್ನು ಅಗ್ಗಕ್ಕೆ ಪಡೆದ ವಂಚನೆ ಪ್ರಕರಣದಲ್ಲಿ ಅವರಲ್ಲೊಬ್ಬರಿಗೆ 2002ರಲ್ಲಿ ಜೈಲು ಶಿಕ್ಷೆಯಾಯಿತು.

ನಮ್ಮೂರಿನ ಗಿರವಿ ಅಂಗಡಿಯಲ್ಲಿ ನಡೆಯುವುದೇನು?

ನವಲಗುಂದ, ಅಣ್ಣಿಗೇರಿಯ ಎರಿ ಹೊಲಕ್ಕೆ ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಕಡಲೆ ಬಿತ್ತಬೇಕು. ಕಲಘಟಗಿ ಕಡೆ ಭತ್ತ, ಗೋವಿನಜೋಳ. ಬೀಜ, ಗೊಬ್ಬರಕ್ಕೆ ರೊಕ್ಕ ಬೇಕಾದಾಗ ಬೋರಮಾಳ, ಪಾಟ್ಲಿ, ಬಿಲ್ವಾರ ಒತ್ತೆ ಹೋಗುತ್ತವೆ. ಮಾಲು ಮಾರಿದ ಮೇಲೆ ಬಿಡಿಸಿಕೊಳ್ಳಬೇಕು ಎಂಬುದು ಲೆಕ್ಕ. ಮಳೆ ಕೈಕೊಟ್ಟರೆ ಆ ಲೆಕ್ಕ ತಪ್ಪುತ್ತದೆ, ಬಡ್ಡಿ ಬೆಳೆಯುತ್ತದೆ, ಕೊನೆಗೆ ಒಡವೆ ಹರಾಜಿಗೆ ಬರುತ್ತದೆ.

ಇಲ್ಲಿ ತಜ್ಞರೂ ಇಲ್ಲ, ಕಥೆಯೂ ಇಲ್ಲ. ಬೋರಮಾಳ ಮುತ್ತಜ್ಜಿಯ ಮದುವೆಯದು ಎಂದರೆ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ. ಲೆಕ್ಕಕ್ಕೆ ಬರುವುದು ಎರಡೇ: ತೂಕ ಮತ್ತು ಶುದ್ಧತೆ.

ಬಂಗಾರದ ಬೆಲೆ ಕಟ್ಟುವುದು ಹೇಗೆ?

ಪತ್ತಾರರು ಒರೆಗಲ್ಲಿಗೆ ಒಡವೆ ತಿಕ್ಕಿ, ಆ ಗೆರೆಗೆ ಆಸಿಡ್ ಹಚ್ಚಿ ನೋಡುತ್ತಾರೆ. ತಾಮ್ರದಂಥ ಬೆರಕೆ ಆಸಿಡ್‌ನಲ್ಲಿ ಕರಗುತ್ತದೆ, ಬಂಗಾರ ಉಳಿಯುತ್ತದೆ. ಈಗ ಹಲವು ಕಡೆ ಎಕ್ಸ್‌ರೇ ಬಳಸುವ ಕ್ಯಾರೆಟ್ ಮೀಟರ್ ಇದೆ. ಆದರೆ ಅದು ಲೋಹದ ಮೇಲ್ಪದರವನ್ನಷ್ಟೇ ಓದುತ್ತದೆ. ಮೇಲೆ ದಪ್ಪ ಬಂಗಾರದ ಲೇಪವಿದ್ದು ಒಳಗೆ ಬೇರೆ ಲೋಹವಿದ್ದರೆ ಅದಕ್ಕೆ ಗೊತ್ತಾಗದೇ ಇರಬಹುದು.

ಗುಂಡು ಪೋಣಿಸಿದ ಹಳೆ ಸರಗಳಲ್ಲಿ ಗುಂಡಿನ ಒಳಗೆ ಅರಗು ತುಂಬಿರುತ್ತದೆ. ಅದರ ತೂಕ, ಹರಳಿನ ತೂಕ ಎರಡನ್ನೂ ಕಳೆಯುತ್ತಾರೆ. ಉದಾಹರಣೆಗೆ, 20 ಗ್ರಾಂ ಸರದಲ್ಲಿ 2 ಗ್ರಾಂ ಅರಗಿದ್ದರೆ ಲೆಕ್ಕಕ್ಕೆ ಸಿಗುವುದು 18 ಗ್ರಾಂ. ಅದು 22 ಕ್ಯಾರೆಟ್ ಆಗಿದ್ದರೆ ಅದರಲ್ಲಿರುವ ಅಪ್ಪಟ ಬಂಗಾರ 16.5 ಗ್ರಾಂ. ತೂಕ ಕಡಿಮೆ ತೋರಿಸಿದರು ಎಂಬ ಜಗಳ ಎಷ್ಟೋ ಸಲ ಹುಟ್ಟುವುದು ಇಲ್ಲಿಯೇ. ಎಷ್ಟು ಕಳೆದರು, ಯಾಕೆ ಕಳೆದರು ಎಂದು ಕೇಳುವ ಹಕ್ಕು ನಿಮಗಿದೆ.

ಸಾಲ ಎಷ್ಟು ಸಿಗಬಹುದು? ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದಂತೆ, ಮನೆ ಖರ್ಚಿನ ಸಾಲ 2.5 ಲಕ್ಷದೊಳಗಿದ್ದರೆ ಬಂಗಾರದ ಬೆಲೆಯ ಶೇ 85ರವರೆಗೆ, 5 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ಲೆಕ್ಕದ ಸುಲಭಕ್ಕೆ ಗ್ರಾಂಗೆ 10,000 ರೂಪಾಯಿ ಹಿಡಿದರೆ, ಮೇಲಿನ 18 ಗ್ರಾಂನ ಬೆಲೆ 1,80,000. ಸಾಲದ ಮಿತಿ 1,53,000. ಅಸಲು, ಬಡ್ಡಿ ಒಟ್ಟಿಗೆ ಕೊನೆಯಲ್ಲಿ ತೀರಿಸುವ ಸಾಲವಾದರೆ ಬಡ್ಡಿಯೂ ಈ ಮಿತಿಯೊಳಗೇ ಬರಬೇಕು. ಈ ನಿಯಮ ಬ್ಯಾಂಕ್, ಸಹಕಾರಿ ಬ್ಯಾಂಕ್, ಚಿನ್ನದ ಸಾಲದ ಕಂಪನಿಗಳಿಗೆ ಅನ್ವಯಿಸುತ್ತದೆ. ಖಾಸಗಿ ಗಿರವಿ ಅಂಗಡಿಗಳು 1961ರ ಕರ್ನಾಟಕ ಗಿರವಿದಾರರ ಕಾಯ್ದೆಯಡಿ ಲೈಸೆನ್ಸ್ ಪಡೆದಿರಬೇಕು.

ಹಳೆಯದಕ್ಕೆಲ್ಲ ಬೆಲೆ ಇದೆಯೇ?

ಇಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ತೆಗೆದುಕೊಳ್ಳಿ. ಅರಗಿನ ಬಣ್ಣದಲ್ಲಿ ಚಿತ್ರ ಬಿಡಿಸಿದ ಈ ತೊಟ್ಟಿಲಿಗೆ ನಾಡಿನಲ್ಲೆಲ್ಲ ಹೆಸರಿದೆ. ಆದರೆ ಅದನ್ನು ಗಿರವಿ ಅಂಗಡಿಗೆ ಒಯ್ದರೆ ಸಾಲ ಸಿಗುವುದು ಕಷ್ಟ. ಬಂಗಾರದಂತೆ ಅದನ್ನು ಕರಗಿಸಿ ಮಾರಲಾಗದು, ಇಡಲು ಜಾಗವೂ ಬೇಕು. ಅದರ ಬೆಲೆ ಅದನ್ನೇ ಹುಡುಕುವ ಸಂಗ್ರಾಹಕ ಸಿಕ್ಕರೆ ಮಾತ್ರ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಮೂಲ ಬಣ್ಣ ಉಳಿದಿದೆಯೇ ಎಂದು ಅವರು ಕೇಳುತ್ತಾರೆ. ಚಂದ ಕಾಣಲೆಂದು ಹೊಸ ಪೇಂಟ್ ಬಳಿದಿದ್ದರೆ ಆ ಬೆಲೆಯೂ ಬೀಳುತ್ತದೆ.

ವಸ್ತುವಿನ ವಯಸ್ಸನ್ನು ಕಣ್ಣಂದಾಜಿನಲ್ಲಿ ಹೇಳುವುದೂ ಸುಲಭವಲ್ಲ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಕೆಲಸದ ವೇಳೆ ನೂರಾರು ತಲೆಬುರುಡೆ ಸಿಕ್ಕವು. ಯುದ್ಧದ್ದು, ಬರಗಾಲದ್ದು ಎಂದು ತಲೆಗೊಂದು ಮಾತು ಹುಟ್ಟಿತು. ಅವು ಎಷ್ಟು ಹಳೆಯವು ಎಂದು ತಿಳಿಯಲು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ಕಾರ್ಬನ್ ಡೇಟಿಂಗ್ ಮಾಡಿಸಬೇಕಾಯಿತು. ಟಿವಿಯಲ್ಲಾದರೆ ಅದು ಐದು ನಿಮಿಷದ ಕೆಲಸ.

ಹಳೆ ನೋಟು, ನಾಣ್ಯಕ್ಕೆ ಲಕ್ಷ ಸಿಗುತ್ತದೆಯೇ?

ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟು, 2012ರ ವೈಷ್ಣೋದೇವಿ ನಾಣ್ಯ, 786 ಅಂಕಿಯ ನೋಟು: ಪದೇ ಪದೇ ಬರುವ ಫಾರ್ವರ್ಡ್‌ಗಳು ಇವು. ಚಲಾವಣೆಗೆಂದೇ ರಾಶಿ ರಾಶಿ ಅಚ್ಚಾದ ನೋಟು, ನಾಣ್ಯ ಅಪರೂಪವಾಗುವುದಿಲ್ಲ. ಕಡಿಮೆ ಸಂಖ್ಯೆಯಲ್ಲಿ ಟಂಕಿಸಿದ, ಸವೆಯದ ನಾಣ್ಯಗಳಿಗೆ ಸಂಗ್ರಾಹಕರಲ್ಲಿ ಬೆಲೆ ಇರುವುದು ನಿಜ. ಅಂಥದ್ದು ನಿಮ್ಮಲ್ಲಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಿಕ್ಕಿದ ನಾಣ್ಯದ ಬೆಲೆ ಇಳಿಯುತ್ತದೆ.

ಮೋಸ ನಡೆಯುವ ರೀತಿ ಒಂದೇ. ಮೊದಲು ನಿಮ್ಮ ನೋಟಿಗೆ ಲಕ್ಷಗಳ ಬೆಲೆ ಹೇಳುತ್ತಾರೆ. ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ಕಮಿಷನ್ ಎಂದು ನಿಮ್ಮಿಂದಲೇ ಹಣ ಹಾಕಿಸಿಕೊಳ್ಳುತ್ತಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಾನೂನು ಏನು ಹೇಳುತ್ತದೆ?

ಟಿವಿಯಲ್ಲಿ ಹಳೆ ಮೂರ್ತಿಯನ್ನು ಕೌಂಟರ್ ಮೇಲಿಟ್ಟು ಮಾರುವುದನ್ನು ನೋಡಿ ಇಲ್ಲೂ ಹಾಗೆ ಮಾಡಲು ಹೋದರೆ ತೊಂದರೆಗೆ ಸಿಲುಕುತ್ತೀರಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯಂತೆ, 100 ವರ್ಷ ದಾಟಿದ ಶಿಲ್ಪ, ಚಿತ್ರ, ಕುಶಲ ಕೆಲಸದ ವಸ್ತುಗಳು ಪ್ರಾಚ್ಯವಸ್ತು ಎನಿಸಬಹುದು. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಇವನ್ನು ಹೊರದೇಶಕ್ಕೆ ಕಳಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು. ಹೊಲ ಉಳುವಾಗ, ಪಾಯ ತೆಗೆಯುವಾಗ ನಿಧಿ ಸಿಕ್ಕರೆ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೇರ ಪತ್ತಾರರ ಬಳಿ ಒಯ್ದರೆ ಅಪರಾಧವಾಗುತ್ತದೆ.

ಒಡವೆ ಒತ್ತೆ ಇಡುವ ಮುನ್ನ

• ಲೈಸೆನ್ಸ್ ಇದೆಯೇ ನೋಡಿ. ಖಾಸಗಿ ಗಿರವಿ ಅಂಗಡಿಯ ಬಗ್ಗೆ ಅನುಮಾನವಿದ್ದರೆ ಸಹಕಾರ ಇಲಾಖೆಯಲ್ಲಿ ವಿಚಾರಿಸಿ.
• ತೂಕ ಮಾಡುವಾಗ ಎದುರಿಗೇ ಇರಿ. ಒಡವೆಯ ಫೋಟೊ ತೆಗೆದಿಟ್ಟುಕೊಳ್ಳಿ.
• ರಸೀದಿಯಲ್ಲಿ ಒಟ್ಟು ತೂಕ, ಕಳೆದ ತೂಕ, ಕ್ಯಾರೆಟ್, ಬಡ್ಡಿ, ಬಿಡಿಸುವ ದಿನ ಎಲ್ಲವೂ ಇರಲಿ. ಬಿಳಿ ಚೀಟಿಗೆ ಒಪ್ಪಬೇಡಿ.
• "ನೂರಕ್ಕೆ ಎರಡು" ಎಂದರೆ ತಿಂಗಳಿಗೋ ವರ್ಷಕ್ಕೋ ಕೇಳಿ. ತಿಂಗಳಿಗೆ 2 ರೂಪಾಯಿ ಎಂದರೆ ವರ್ಷಕ್ಕೆ ಶೇ 24.
• ಹಳೆ ಒಡವೆಗೆ ಹಾಲ್‌ಮಾರ್ಕ್ ಇಲ್ಲದಿದ್ದರೂ ಅದನ್ನು ಒತ್ತೆ ಇಡಬಹುದು, ಮಾರಬಹುದು. ಹಾಲ್‌ಮಾರ್ಕ್ ಇಲ್ಲವೆಂದು ಬೆಲೆ ಇಳಿಸಿದರೆ ಇನ್ನೊಂದು ಕಡೆ ಪರೀಕ್ಷೆ ಮಾಡಿಸಿ.
• ಸಾಲ ತೀರಿಸಿದ ಮೇಲೆ ಬ್ಯಾಂಕ್ ಅಥವಾ ಕಂಪನಿ 7 ಕೆಲಸದ ದಿನದೊಳಗೆ ಒಡವೆ ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕ್ ನಿಯಮ.

ತೀರ್ಮಾನ

ಗಿರವಿ ಅಂಗಡಿಯ ಟಿವಿ ಶೋ ಅರ್ಧ ನಿಜ. ಅಂಗಡಿ, ವಸ್ತು, ಚೌಕಾಸಿ ನಿಜ. ಆದರೆ ಅದರಲ್ಲಿ ಕಾಣುವುದು ಆರಿಸಿ ತೆಗೆದ ಕೆಲವರ ಅದೃಷ್ಟ. ನಮ್ಮಲ್ಲಿ ಆ ಕೌಂಟರ್ ಮೇಲೆ ಇರುವುದು ಬಿತ್ತನೆಗೆ ರೊಕ್ಕ ಬೇಕಾದವರ ಮನೆಯ ಬಂಗಾರ. ಹಳೆ ನೋಟಿಗೆ ಲಕ್ಷ ಸಿಗುತ್ತದೆ ಎಂಬ ಫಾರ್ವರ್ಡ್ ಸುಳ್ಳು, ಅದನ್ನು ಮುಂದೆ ಕಳಿಸಬೇಡಿ. ಮನೆಯಲ್ಲಿ ಒಡವೆ ಒತ್ತೆ ಇಡುವ ಮಾತು ನಡೆದಿದ್ದರೆ, ಮೇಲಿನ ಪಟ್ಟಿಯನ್ನು ಓದಿ ಹೇಳಿ.