ಗುಂಡಿ ತೆಗೆದವರ ಅರಮನೆ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆ ಬರೆದವರಿಗೆ ರಂಗಸಜ್ಜಿಕೆಯೆಂದರೆ ಬೆರಗು. ಪಾರ್ಸಿ ಕಂಪನಿಗಳ ಪ್ರಭಾವದಿಂದ ಬಂದ ಬಣ್ಣದ ಪರದೆ, 1934ರಲ್ಲಿ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ತಂದ ಜೀವಂತ ಆನೆ, ಕುದುರೆ. ಇವೆಲ್ಲ ದಾಖಲಾಗಿವೆ. ಕಂಬಕ್ಕೆ ಗುಂಡಿ ತೆಗೆದವರು ಮಾತ್ರ ನಾನು ಓದಿದ ಪುಟಗಳಲ್ಲಿ ಸಿಕ್ಕಿಲ್ಲ.

ನಮ್ಮ ಕೊತ್ತತ್ತಿ ಕಡೆ ಹಬ್ಬಕ್ಕೆ ಪೌರಾಣಿಕ ನಾಟಕ ಆಡುವುದು ರೂಢಿ. ಮಂಡ್ಯದಿಂದ ಸೀನರಿ ಬಾಡಿಗೆಗೆ ಬರುತ್ತದೆ: ಅರಮನೆ, ಕಾಡು, ಬೀದಿಯ ಪರದೆಗಳು, ಸೈಡ್‌ವಿಂಗು, ಸಿಂಹಾಸನ. ನಮ್ಮ ತಾತ ಗುಂಡಿ ತೋಡಿ, ಗಳ ನೆಟ್ಟು, ಪರದೆಯ ಹಗ್ಗ ಬಿಗಿದು ಕೆಳಗಿಳಿಯುತ್ತಿದ್ದ. ಪಾತ್ರಧಾರಿಗಳು ಬಣ್ಣ ಹಚ್ಚಿ ಬಂದಮೇಲೆ ಮತ್ತೆ ಹತ್ತುವಂತಿರಲಿಲ್ಲ. ದೂರ ಕೂತು ನೋಡಬೇಕು. “ಅರ್ಮನೆ ಕಟ್ದೋನು ನಾನು ಕಣ್ಲಾ, ಒಳೀಕೆ ವೋಗಂಗಿರ್ನಿಲ್ಲ” ಅನ್ನೋನು.

ಅಪ್ಪನ ಕಾಲಕ್ಕೆ ಕೇರಿಯವರೇ ಚಂದಾ ಎತ್ತಿ ಅಂಥದೇ ಸೀನರಿ ತರಿಸಿದರು. ಬಾಡಿಗೆಗೆ ಜಾತಿ ಇರಲಿಲ್ಲ. ಕಂಬ ನೆಡುವ ನೆಲಕ್ಕಿತ್ತು. ಊರ ಮುಂದಿನ ಬಯಲು ಸಿಗದೆ ಕೇರಿಯೊಳಗೇ ಗುಂಡಿ ತೆಗೆದರು. ಅಪ್ಪ ಭೀಮನಾದ. ತಾತ ಮುಂದಿನ ಸಾಲಿನಲ್ಲಿ ಕೂತ.

1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯ ಮೇಲೆ ‘ಸಮುದಾಯ’ ಆಡಿದ ಬೀದಿನಾಟಕಕ್ಕೆ ಪರದೆ ಬೇಕಾಗಲಿಲ್ಲ. ನಮ್ಮ ರಂಗಭೂಮಿ ಅದೇ, ಕೇರಿಯ ಪೌರಾಣಿಕ ನಾಟಕ ಬರೀ ಮೇಲ್ಜಾತಿಯ ಅನುಕರಣೆ ಎಂದು ಎಂ.ಎ. ಓದುವಾಗ ನಾನೂ ಬರೆದಿದ್ದೆ. ಬೀದಿನಾಟಕದ ಬಗ್ಗೆ ಬರೆದದ್ದಕ್ಕೆ ಈಗಲೂ ಬದ್ಧ. ಆದರೆ ತಾತ ಕಟ್ಟಿ ಹೊರಗುಳಿದ ಅರಮನೆಯೊಳಕ್ಕೆ ಅಪ್ಪ ಗದೆ ಹೊತ್ತು ನಡೆದದ್ದನ್ನು ಅನುಕರಣೆ ಅನ್ನಲು ಇವತ್ತು ನನಗೆ ಬಾಯಿ ಬರುವುದಿಲ್ಲ.