ಸಂಗೀನು ಹೇಳಿದ ವಯಸ್ಸು



ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ಅಬಿಡ್ಸ್ ಕಡೆಗೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಗನ್‌ಫೌಂಡ್ರಿ ಸಿಗುತ್ತದೆ. ದಿನಾ ಆ ಹೆಸರು ಹೇಳಿ ಆಟೋ ಹತ್ತುವ ನಮಗೆ, ಅಲ್ಲಿ ಒಂದು ಕಾಲಕ್ಕೆ ತೋಪು ಎರಕ ಹೊಯ್ಯುತ್ತಿದ್ದರು ಎಂಬುದು ನೆನಪಾಗುವುದೇ ಇಲ್ಲ! ನಿಜಾಮ್ ಅಲಿ ಖಾನರ ಫ್ರೆಂಚ್ ಸೇನಾನಿ ರೇಮಂಡ್ ಕಟ್ಟಿಸಿದ ಕಾರ್ಖಾನೆ ಅದು. ಊರವರ ಬಾಯಲ್ಲಿ ಆತ ಮೂಸಾ ರಾಮ. ಮೂಸಾರಾಂಬಾಗ್‌ಗೆ ಹೆಸರು ಬಂದದ್ದು ಅವನಿಂದಲೇ.

ಈಗ ಈ ಮಾತು ಯಾಕೆಂದರೆ, ಬೀದರ ಕಡೆಯ ನಮ್ಮ ಕೇಳುಗರೊಬ್ಬರು ಮೊನ್ನೆ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಸಂಗೀನು, ಅಂದರೆ ಬಂದೂಕಿನ ಬಯೊನೆಟ್, ತಂದು ಮೇಜಿನ ಮೇಲಿಟ್ಟರು. “ರೇಮಂಡ್ ಸಾಹೇಬನ ಫೌಜಿನದು ನೋಡ್ರಿ ಸರ, ನಮ್ಮ ಮುತ್ತಜ್ಜಂದು” ಎಂದರು. ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ನಡೆದಿದೆ. ಒಬ್ಬರು ಮಾರೋಣ ಅನ್ನುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ. ಬೆಲೆ ನಿಂತಿರುವುದು ರೇಮಂಡನ ಹೆಸರಿನ ಮೇಲೆ.

ಪಂಚೆ ಬಿಚ್ಚಿದ ಕೂಡಲೇ ನನಗೆ ಅನುಮಾನ ಬಂತು. ಅದಕ್ಕೆ ಮರದ ಹಿಡಿ ಇತ್ತು, ಕತ್ತಿಯಂಥ ಅಲಗಿತ್ತು. ರೇಮಂಡನ ಕಾಲದ ಕಾಲಾಳುಗಳ ಸಂಗೀನಿಗೆ ಹಿಡಿಯೇ ಇರುತ್ತಿರಲಿಲ್ಲ. ನಳಿಗೆಯ ತುದಿಗೆ ತೊಡಿಸುವ ಕಬ್ಬಿಣದ ಕೊಳವೆ, ಅದರ ಪಕ್ಕದಿಂದ ಬಾಗಿ ಮುಂದಕ್ಕೆ ಚಾಚಿದ ಮೂರು ಏಣಿನ ಮೊನೆ, ಅಷ್ಟೇ. ತಿವಿಯಲು ಬರುತ್ತಿತ್ತು, ಈರುಳ್ಳಿ ಹೆಚ್ಚಲು ಬರುತ್ತಿರಲಿಲ್ಲ!

ಇತಿಹಾಸವೂ ಸ್ವಲ್ಪ ಅಡ್ಡ ಬರುತ್ತದೆ. ರೇಮಂಡ್ ತೀರಿಕೊಂಡದ್ದು 1798ರ ಮಾರ್ಚಿನಲ್ಲಿ. ಅದೇ ಸೆಪ್ಟೆಂಬರಿನಲ್ಲಿ ನಿಜಾಮರು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಅಕ್ಟೋಬರಿನಲ್ಲಿ, ಸುಮಾರು 14,000 ಸಿಪಾಯಿಗಳ ಆ ದಂಡನ್ನು ಸುತ್ತುವರಿದು ಯುದ್ಧವಿಲ್ಲದೆ ಆಯುಧ ಕೆಳಗಿಡಿಸಿದರು. ಹಾಗೆ ಕೆಳಗಿಟ್ಟ ಆಯುಧ ಸಿಪಾಯಿಯ ಮನೆಗೆ ಹೇಗೆ ಬಂತು ಎಂದು ಮಾರುವವನನ್ನು ಕೇಳಲೇಬೇಕು. ಒಂದೂ ಉಳಿದಿರಲಾರದು ಎಂದಲ್ಲ. ಆದರೆ ಬರೀ ಬಾಯಿಮಾತು ಸಾಲದು.

ಅಲಗಿನ ಬುಡ ಒರೆಸಿ ಭೂತಗನ್ನಡಿ ಹಿಡಿದೆವು. ಕಿರೀಟ, ಅರಸನ ಹೆಸರಿನ ಅಕ್ಷರ, ಕೆಳಗೆ 1907. ನಮ್ಮ ನಾಂಪಲ್ಲಿ ಸ್ಟೇಷನ್ ಆರಂಭವಾದ ವರ್ಷವೂ ಅದೇ! ಆದರೆ ಎಷ್ಟೋ ಜನ ಎಡವುವುದು ಇಲ್ಲೇ. ಅದು ತಯಾರಾದ ವರ್ಷವಲ್ಲ, ಮಾದರಿಯ ವರ್ಷ. ತಯಾರಾದ ಕಾಲವನ್ನು ಅದರ ಹತ್ತಿರ ಸಣ್ಣ ಅಂಕಿಗಳಲ್ಲಿ ಒತ್ತಿರುತ್ತಾರೆ. ಇದರಲ್ಲಿ 6, ಪಕ್ಕದಲ್ಲಿ 17. ಅಂದರೆ 1917ರ ಜೂನ್, ಮೊದಲನೇ ಮಹಾಯುದ್ಧದ ಕಾಲ. ಕೆಳಗೆ ವಿಲ್ಕಿನ್ಸನ್ ಕಂಪನಿಯ ಹೆಸರು. ಇನ್ನೊಂದು ಮಗ್ಗುಲಲ್ಲಿ ಸರ್ಕಾರಿ ಬಾಣದ ಗುರುತು, ಅಲಗನ್ನು ಬಗ್ಗಿಸಿ ಪರೀಕ್ಷಿಸಿದ್ದಕ್ಕೆ ಒಂದು ಗುಣಾಕಾರ ಚಿಹ್ನೆ. ನಮ್ಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲೂ ಈ ಮಾದರಿ ತಯಾರಾಗುತ್ತಿತ್ತು.

ಈ ಮಾದರಿಯ ಅಲಗು 17 ಇಂಚು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಇವನ್ನು ಸುಮಾರು 12 ಇಂಚಿಗೆ ಕತ್ತರಿಸಿದ್ದೂ ಉಂಟು, ಗಿಡ್ಡವಾಗಿದೆ ಎಂದು ನಕಲಿ ಎನ್ನಬೇಡಿ. ಮೊದಲ ಕೆಲವು ವರ್ಷ ಹಿಡಿಯ ಅಡ್ಡಪಟ್ಟಿಗೆ ಕೊಕ್ಕೆ ಇತ್ತು; 1913ರಲ್ಲಿ ಅದನ್ನು ಕೈಬಿಟ್ಟರು. ಕೊಕ್ಕೆ ಇರುವುದಕ್ಕೆ ಬೆಲೆ ಹೆಚ್ಚು. ಆದ್ದರಿಂದ ವೆಲ್ಡಿಂಗ್ ಮಾಡಿ ಕೊಕ್ಕೆ ಕೂಡಿಸುವ ಮಹಾನುಭಾವರಿದ್ದಾರೆ! 1916ರ ಮುದ್ರೆಯ ಮೇಲೆ ಕೊಕ್ಕೆ ಕಂಡರೆ ಕೂಡಿಕೆಯನ್ನು ಬೆರಳಿನಿಂದ ತಡವಿ ನೋಡಿ. ತುಕ್ಕನ್ನೂ ನೋಡಿ. ವಯಸ್ಸಿನ ತುಕ್ಕು ಕಪ್ಪುಗಂದು, ಒಂದೆಡೆ ಹೆಚ್ಚು ಒಂದೆಡೆ ಕಡಿಮೆ. ಆಸಿಡ್ ಹಚ್ಚಿ ತರಿಸಿದ್ದು ಕೆಂಪು ಪುಡಿಯಂತೆ ಎಲ್ಲ ಕಡೆ ಒಂದೇ ಸಮ. ಉಕ್ಕಿಗೆ ಹೊಡೆದ ಮುದ್ರೆಯ ಅಂಚು ಚೂಪು; ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಬೆಣ್ಣೆಯಂತೆ ಮೆತ್ತಗೆ.

ಒಂದು ವಿನಂತಿ. ಹಿತ್ತಾಳೆ ಚೊಂಬಿನಂತೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಮುದ್ರೆಯೇ ಅಳಿಸಿಹೋಗುತ್ತದೆ. ತೆಳುವಾಗಿ ಎಣ್ಣೆ ಒರೆಸಿದರೆ ಸಾಕು. ಒಂಬತ್ತು ಇಂಚು ಮೀರಿದ ಅಲಗಿನ ಬಯೊನೆಟ್ ಆಯುಧ ನಿಯಮಗಳ ಪಟ್ಟಿಯಲ್ಲಿದೆ. ಅಧಿಸೂಚನೆ ಇರುವ ಪ್ರದೇಶದಲ್ಲಿ ಲೈಸೆನ್ಸ್ ಬೇಕು, ಠಾಣೆಯಲ್ಲಿ ವಿಚಾರಿಸಿಕೊಳ್ಳಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು 1972ರ ಕಾಯ್ದೆಯಂತೆ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಎಲ್ಲ ಕೇಳಿ ಅವರ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಡಿಯ ತುದಿಯಲ್ಲಿದ್ದ ಒಂದು ಸಾಲು ಅಕ್ಷರ, ಅಂಕಿ ತೋರಿಸಿ, “ಇದೇನು ಸರ?” ಎಂದರು. ಪಲ್ಟಣದ ಗುರುತಿರಬಹುದು ಎಂದೆ. “ಹಂಗಾದ್ರ ಇದು ಮುತ್ತಜ್ಜಂದಲ್ಲ, ನಮ್ಮ ಅಜ್ಜಂದೇ ಇರಬೇಕ್ರಿ. ಊರಾಗ ನಮ್ಮ ಅತ್ತಿ ಅದಾಳ, ಕೇಳ್ತೀನಿ” ಎಂದು ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಂಡು, ಪಂಚೆ ಸುತ್ತಿಕೊಂಡು ಹೊರಟರು.